ಮೊರಿವಾಕಿಯವರ ಎಡಗಿವಿ

ಮೊರಿವಾಕಿಯವರ ಕೊರಗು ಒಂದೇ. ಎಡಗಡೆ ಸದ್ದನ್ನು ಸರಿಯಾಗಿ ಕೊಡುವ ಮ್ಯೂಸಿಕ್ ಪ್ಲೇಯರನ್ನು ಜಪಾನಿನಲ್ಲಿ ಯಾರೂ ಮಾಡುತ್ತಿಲ್ಲ. ಎಂಟು ತಿಂಗಳಲ್ಲಿ ಅವರು ಐದು ಪ್ಲೇಯರ್ ಬದಲಾಯಿಸಿದ್ದರು. ಎಲ್ಲವೂ ಜೇಬಿನಲ್ಲಿಟ್ಟು ಇಯರ್‌ಫೋನಿನಲ್ಲಿ ಕೇಳುವಂಥವು, ಎಲ್ಲವೂ ಒಳ್ಳೆಯ ಮನೆತನದವು. ಆದರೂ ಒಂದೊಂದರಲ್ಲೂ ಬಲಗಡೆ ಕಹಳೆ ಮೊಳಗಿದರೆ, ಎಡಗಡೆ ಪಿಟೀಲಿನವರು ಪಕ್ಕದ ಮನೆಯಲ್ಲಿ ಕೂತು ನುಡಿಸಿದಂತೆ ಕೇಳುತ್ತಿತ್ತು.

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಮೊರಿವಾಕಿಯವರ ಕಿವಿ ಸಾಮಾನ್ಯವಾದದ್ದಲ್ಲ, ಸರ್ಕಾರಿ ಕಿವಿ. ನಗೋಯಾದ ಬೀದಿಬೀದಿಯಲ್ಲಿ ಉಕ್ಕಿನ ಸಲಾಕೆಯ ಒಂದು ತುದಿಯನ್ನು ನೆಲಕ್ಕೂ ಇನ್ನೊಂದು ತುದಿಯನ್ನು ಬಲಗಿವಿಗೂ ಒತ್ತಿ, ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುವ ಕೆಲಸವನ್ನು ಅವರು ಮೂವತ್ತು ವರ್ಷ ಮಾಡಿದ್ದಾರೆ. (ಆ ಮೂವತ್ತು ವರ್ಷವೂ ಎಡಗಿವಿ ರಜೆಯಲ್ಲಿತ್ತು. ಇದು ಯಾರಿಗೂ ಹೊಳೆಯಲಿಲ್ಲ.) ಹಾಗಾಗಿ ಓಸು ಬೀದಿಯ ಪ್ಲೇಯರ್ ಪ್ರಿಯರ ಸಂಘದ ಏಳು ಜನ ಸೇರಿ, ಅವರಿಗೆ ಸಂಘದ 'ಕಿವಿ' ಎಂಬ ಪದವಿಯನ್ನೇ ಕೊಟ್ಟಿದ್ದರು.

ಎಂಟು ತಿಂಗಳ ಹಿಂದೆ ಈ ಪದವಿ ಬಂದ ದಿನದಿಂದ ಮನೆಯಲ್ಲಿ ಒಂದು ಸಂಪ್ರದಾಯ ನಿಂತುಹೋಯಿತು. ಮದುವೆಯಾದಂದಿನಿಂದ ಪ್ರತಿ ಭಾನುವಾರ ಅವರು ಹೆಂಡತಿ ಸುಮಿಯೆಯ ತೊಡೆಯ ಮೇಲೆ ತಲೆಯಿಟ್ಟು ಮಲಗುವುದು, ಆಕೆ ಬಿದಿರಿನ ಕಡ್ಡಿಯಿಂದ ಕಿವಿಯ ಗುಗ್ಗೆ ತೆಗೆಯುವುದು. ವಾರವಿಡೀ ಗಂಡ ಅಲ್ಲಾಡದೆ ತನ್ನ ಮಾತು ಕೇಳುವುದು ಆ ಕಾಲು ಗಂಟೆ ಮಾತ್ರ ಎಂದು ಸುಮಿಯೆಗೆ ಅದರ ಮೇಲೆ ತುಂಬಾ ಪ್ರೀತಿ. ಈಗ ಕಡ್ಡಿ ಹಿಡಿದು ಕರೆದರೆ ಮೊರಿವಾಕಿಯವರು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು.

"ಈ ಕಿವಿ ಈಗ ನನ್ನೊಬ್ಬನದಲ್ಲ ಸುಮಿಯೆ, ಸಂಘದ ಆಸ್ತಿ. ಕಡ್ಡಿ ತಗುಲಿ ಏನಾದ್ರೂ ಆದ್ರೆ?"

"ಹಾಗಾದ್ರೆ ಸಂಘದವರೇ ಬಂದು ಗುಡಿಸಲಿ" ಎಂದು ಆಕೆ ಕಡ್ಡಿ ಒಳಗಿಟ್ಟರು. ಬೇಜಾರೂ ಆಯಿತು.

ಎಡಗಡೆಯ ದೂರು ಕೇಳಿ ಕೇಳಿ ಸಾಕಾಗಿ ಒಮ್ಮೆ ಆಕೆಯೇ ಉಪಾಯ ಹೇಳಿದರು. "ರೀ, ಎಡಗಿವಿಯ ಇಯರ್‌ಫೋನನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಹಾಕ್ಕೊಂಡು ನೋಡಿ. ತಪ್ಪು ಪ್ಲೇಯರಿನದ್ದೋ ಇನ್ಯಾರದ್ದೋ ಅಂತ ಒಂದೇ ನಿಮಿಷಕ್ಕೆ ಗೊತ್ತಾಗತ್ತೆ."

ಮೊರಿವಾಕಿಯವರು ಮುಖ ಗಂಟಿಕ್ಕಿಕೊಂಡರು. "ಪಿಟೀಲಿನವರು ಎಡಗಡೆ ಕೂತಿದ್ದಾರೆ ಕಣೆ. ಅಷ್ಟು ಜನಾನ ಎಬ್ಬಿಸಿ ಬಲಗಡೆ ಕೂರಿಸೋದಕ್ಕೆ ನಾನ್ಯಾರು?"

"ಅವರೇನು ಎದ್ದು ನಡೀಬೇಕಾ?"

"ನಿನಗಿದು ಅರ್ಥ ಆಗಲ್ಲ ಬಿಡು."

ಅಲ್ಲಿಗೆ ವಿಜ್ಞಾನ ಮುಗಿಯಿತು.

ಇದು ಮನೆಯೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಆದರೆ ಸಂಘದಲ್ಲಿ ಒಗಾತಾ ಎಂಬ ಗೆಳೆಯರಿದ್ದರು. ಬದುಕೆಲ್ಲ ರೇಡಿಯೋ ರಿಪೇರಿ ಮಾಡಿ, ನಿವೃತ್ತಿಯ ನಂತರ ತಮ್ಮದೇ ಒಂದು ಪ್ಲೇಯರ್ ಮಾಡಬೇಕೆಂದು ಹಟ ಹಿಡಿದವರು. ಎರಡು ವರ್ಷ ಕೂತು ಮಾಡಿಯೂ ಮಾಡಿದರು. ಅದನ್ನು ಮೊದಲು ತಂದು ಕೊಟ್ಟಿದ್ದು ಮೊರಿವಾಕಿಯವರ ಕೈಗೆ.

"ಎಡಗಡೆ ಸ್ವಲ್ಪ ಕಮ್ಮಿ" ಎಂದರು ಮೊರಿವಾಕಿ.

ಒಗಾತಾ ಮನೆಗೆ ಹೋಗಿ ಎಡಗಡೆಯ ಸದ್ದಿನ ತಿರುಪು ಏರಿಸಿಕೊಂಡು ಬಂದರು. "ಇನ್ನೂ ಸ್ವಲ್ಪ." ಮತ್ತೆ ಹೋದರು. ಅವರ ಸ್ವಂತ ಕಿವಿ ಬೇರೇನೋ ಹೇಳುತ್ತಿತ್ತು, ಆದರೆ ಸಂಘದ ಕಿವಿಯ ಮುಂದೆ ಅದರ ಮಾತು ನಡೆಯುತ್ತದೆಯೇ? ನಾಲ್ಕನೆಯ ಸಲ ಮೊರಿವಾಕಿಯವರ ಕಣ್ಣು ತುಂಬಿ ಬಂತು. 'ಎರಡು ಕಿವಿಗೂ ಸಮಾನ ನ್ಯಾಯ ಕೊಟ್ಟ ಪ್ರಪ್ರಥಮ ಪ್ಲೇಯರ್' ಎಂದು ಸಂಘದ ಪತ್ರಿಕೆಯಲ್ಲಿ ಒಂದು ಪುಟ ಬರೆದೂಬಿಟ್ಟರು.

ಬರುವ ಭಾನುವಾರ ಅದನ್ನು ಎರಡು ದೊಡ್ಡ ಕಂಪನಿಗಳ ಪ್ಲೇಯರ್ ಪಕ್ಕದಲ್ಲಿಟ್ಟು ಹೋಲಿಸುವುದೆಂದು ನಿಶ್ಚಯವಾಯಿತು. ಪ್ಲೇಯರ್ ಮಾರುವ ಅಂಗಡಿಯ ಮಾಲೀಕ ಶಿರಾಸೆಯವರೂ ಬರುವವರಿದ್ದರು. ಅವರು ಒಪ್ಪಿದರೆ ಒಗಾತಾರ ಪ್ಲೇಯರ್ ಅಂಗಡಿಗೆ ಏರುತ್ತದೆ, ಇಲ್ಲದಿದ್ದರೆ ಅವರ ಎರಡು ವರ್ಷ ಡಬ್ಬದೊಳಗೇ ಉಳಿಯುತ್ತದೆ.

ಭಾನುವಾರ ಬೆಳಿಗ್ಗೆ ಸಂಘದ ಕಿವಿ ತುರಿಸತೊಡಗಿತು. ಇಂಥ ದಿನ ತುರಿಕೆ ಇಟ್ಟುಕೊಂಡು ತೀರ್ಪು ಕೊಡುವುದು ಹೇಗೆ? ಮೊರಿವಾಕಿಯವರು ಹೆಂಡತಿಯ ಮುಂದೆ ಬಂದು ತೊಡೆಯ ಮೇಲೆ ತಲೆಯಿಟ್ಟರು. ಸುಮಿಯೆ ಖುಷಿಯಿಂದ ಕಡ್ಡಿ ತಂದರು. ಎಂಟು ತಿಂಗಳ ಮಾತು ಬಾಕಿಯಿತ್ತು, ತಂಗಿಯ ಮಗಳ ಮದುವೆಯಿಂದ ಶುರು ಮಾಡಿದರು. ಆ ಮಾತಿನಲ್ಲಿ ಮದುಮಗಳು ಇನ್ನೂ ಮಂಟಪಕ್ಕೆ ಬಂದಿರಲಿಲ್ಲ, ಅಷ್ಟರಲ್ಲಿ ಎಡಗಿವಿಯಿಂದ ಒಂದು ವಸ್ತು ಹೊರಬಂತು.

"ಅಯ್ಯೋ, ಇದು ಗುಗ್ಗೆಯೋ ಹುಣಸೆ ಬೀಜವೋ!"

ಮೊರಿವಾಕಿಯವರಿಗೆ ಮೊದಲು ಫ್ರಿಜ್ಜು ಗುನುಗುವುದು ಕೇಳಿಸಿತು. ಆಮೇಲೆ ನಲ್ಲಿ ತೊಟ್ಟಿಕ್ಕುವುದು. ಆಮೇಲೆ ಹೆಂಡತಿಯ ಉಸಿರು. ಅದು ಇಷ್ಟು ಹತ್ತಿರ ಇತ್ತೇ ಎಂದು ಅವರಿಗೆ ಒಂದು ಕ್ಷಣ ತುಂಬಾ ಸುಖವೆನಿಸಿತು. ಎದ್ದು ಹೋಗಿ ಡ್ರಾಯರಿನಲ್ಲಿದ್ದ ಹಳೆಯ ಐದರಲ್ಲಿ ಒಂದು ಪ್ಲೇಯರ್ ಹಾಕಿಕೊಂಡರು. ಪಿಟೀಲಿನವರೆಲ್ಲ ಪಕ್ಕದ ಮನೆಯಿಂದ ವಾಪಸ್ ಬಂದು ಎಡಗಡೆ ಶಿಸ್ತಾಗಿ ಕೂತಿದ್ದರು.

ತಮ್ಮ ಮಾತು ಕೇಳಿ ಒಗಾತಾ ತಿರುಪು ಏರಿಸಿದ್ದು ನೆನಪಾಗಿ ಅವರು ಹೆಂಡತಿಯ ಬಳಿಗೆ ಓಡಿದರು.

"ಸುಮಿಯೆ, ಅದನ್ನ ವಾಪಸ್ ಹಾಕೋಕಾಗತ್ತಾ?"

"ಏನನ್ನ?"

"ಅದನ್ನೇ. ಇವತ್ತೊಂದು ದಿನಕ್ಕೆ."

"ನಿಮಗೇನು ತಲೆ ಕೆಟ್ಟಿದೆಯಾ? ನಡೀರಿ, ಹೋಗಿ ಇದ್ದದ್ದು ಇದ್ದಹಾಗೆ ಹೇಳಿ. ಅವರೇನು ಹೊಡೆಯಲ್ಲ."

ಫೋನ್ ಮಾಡಿದರೆ ಒಗಾತಾ ಎತ್ತಲಿಲ್ಲ, ಆಗಲೇ ಹೊರಟಿದ್ದರು. ಸಂಘ ಸೇರುವ ಕಾಫಿ ಅಂಗಡಿಯ ಮಹಡಿಗೆ ಮೊರಿವಾಕಿಯವರು ತಲುಪುವ ಹೊತ್ತಿಗೆ ಹೋಲಿಕೆ ಶುರುವಾಗಿತ್ತು. ಕೆಂಪು ಕಾಳಿನ ಹೂರಣ ಸವರಿದ ಟೋಸ್ಟು ತಿಂದ ಕೈ ಒರೆಸಿಕೊಂಡು, ಒಬ್ಬೊಬ್ಬರೇ ಒಗಾತಾರ ಪ್ಲೇಯರ್ ಕೇಳುತ್ತಿದ್ದರು. ಇಯರ್‌ಫೋನ್ ಇಟ್ಟ ಕೂಡಲೇ ಪ್ರತಿಯೊಬ್ಬರ ತಲೆಯೂ ಯಾರೋ ಎಡಗೆನ್ನೆಗೆ ಬಾರಿಸಿದ ಹಾಗೆ ಬಲಕ್ಕೆ ವಾಲುತ್ತಿತ್ತು. ಆದರೂ ಎಲ್ಲರೂ ಪತ್ರಿಕೆ ಓದಿದ್ದರು, ಎಲ್ಲರೂ ಮರ್ಯಾದಸ್ಥರು.

"ಮೊರಿವಾಕಿಯವರು ಬರೆದ ಹಾಗೇ ಇದೆ" ಎಂದರು ಒಬ್ಬರು, ಎಡಗಿವಿ ಉಜ್ಜಿಕೊಳ್ಳುತ್ತ.

"ಸಮಾನ ನ್ಯಾಯ" ಎಂದರು ಇನ್ನೊಬ್ಬರು, ಕಣ್ಣೀರು ಒರೆಸಿಕೊಂಡು.

ಮೊರಿವಾಕಿಯವರ ಸರದಿ ಬಂತು. ಕೇಳಿದರು. ಎಡಗಡೆ ಇಡೀ ವಾದ್ಯಗೋಷ್ಠಿ ಕಿವಿಯೊಳಗೇ ಬಿಡಾರ ಹೂಡಿತ್ತು. ಒಗಾತಾ ಎದುರಿಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಗುವಿನಂತೆ ಕೂತಿದ್ದರು. ಆ ಮುಖ ನೋಡಿ ಮೊರಿವಾಕಿಯವರಿಗೆ ತಡೆಯಲಾಗಲಿಲ್ಲ. ಹಣೆ ಮೇಜಿಗೆ ತಾಗುವಷ್ಟು ಬಗ್ಗಿದರು.

"ಒಗಾತಾ ಅವರೇ, ನಿಮ್ಮ ಪ್ಲೇಯರ್ ಮೊದಲನೇ ದಿನವೇ ಸರಿಯಾಗಿತ್ತು. ಕೆಟ್ಟಿದ್ದು ನನ್ನ ಕಿವಿ. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ತೆಗೆದಳು."

"ಏನನ್ನ?" ಎಂದರು ಒಗಾತಾ.

ಮೊರಿವಾಕಿಯವರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದರ ಗಾತ್ರ ತೋರಿಸಿದರು. ಸಂಘದವರೆಲ್ಲ ಕತ್ತು ಚಾಚಿ ಆ ಗಾತ್ರ ನೋಡಿದರು. ಒಗಾತಾ ಕೋಪವನ್ನು ನುಂಗಿಕೊಂಡು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಪ್ಲೇಯರಿನ ಬೆನ್ನು ಬಿಚ್ಚಿದರು.

"ಅದನ್ನ ಮುಟ್ಟಬೇಡಿ" ಎಂದರು ಶಿರಾಸೆ. ಎಪ್ಪತ್ತೇಳರ ಮುದುಕರು. "ಹತ್ತು ವರ್ಷದಲ್ಲಿ ನನಗೆ ಎರಡೂ ಕಿವೀಲಿ ಹಾಡು ಕೇಳಿಸಿದ್ದು ಇವತ್ತೇ. ನನ್ನ ಅಂಗಡಿಗೆ ಬರೋರಲ್ಲಿ ಅರ್ಧ ಜನ ನನ್ನಂಥೋರೇ. ಆ ತಿರುಪನ್ನ ಒಳಗೆ ಬಚ್ಚಿಡಬೇಡಿ, ಹೊರಗೆ ಇಡಿ. ಅವರವರ ಕಿವಿಗೆ ಬೇಕಾದಷ್ಟು ಅವರವರು ತಿರುಗಿಸ್ಕೊಳ್ಳಲಿ."

ಒಗಾತಾರ ಮುಖ ಅರಳಿತು. ವಸಂತದ ಹೊತ್ತಿಗೆ ಪ್ಲೇಯರ್ ಅಂಗಡಿಗೆ ಬಂತು. ತಿರುಪಿನ ಸುತ್ತ ಒಂದರಿಂದ ಹತ್ತರವರೆಗೆ ಗೀಟು ಹಾಕಿದ್ದರು. ಉಪಕಾರ ಮರೆಯದ ಮನುಷ್ಯ, ಆ ಗೀಟಿನ ಅಳತೆಗೆ ಗೆಳೆಯನ ಹೆಸರನ್ನೇ ಇಟ್ಟಿದ್ದರು.

ಮೊರಿವಾಕಿಯವರು ಹೊಸ ಕೋಟು ತೊಟ್ಟು ಸುಮಿಯೆಯೊಂದಿಗೆ ನೋಡಲು ಹೋದರು. ಗಾಜಿನ ಪೆಟ್ಟಿಗೆಯ ಎಡಪಕ್ಕದಲ್ಲಿ ಇಬ್ಬರು ಹುಡುಗಿಯರು ತಿರುಪು ತಿರುಗಿಸುತ್ತ ನಿಂತಿದ್ದರು.

"ನಮ್ಮಪ್ಪನ ಕಿವೀಲಿ ಏನಿಲ್ಲ ಅಂದ್ರೂ ಒಂಬತ್ತು ಮೊರಿವಾಕಿ ಇದೆ ಕಣೆ" ಎಂದಳು ಒಬ್ಬಳು. "ಅಮ್ಮ ಎಷ್ಟು ಹೇಳಿದ್ರೂ ತೆಗೆಸ್ಕೊಳ್ಳಲ್ಲ."

ಪಿಸುಮಾತಿನಲ್ಲಿ ಹೇಳಿದ್ದಳು. ಮೊರಿವಾಕಿಯವರ ಎಡಗಿವಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.