ಸೆಮಿನಾರಿಗೆ ಅಡ್ಡ ಬಿದ್ದ ಮರ

ಯೋಗೇಶನ ಆ ದಿನದ ಫಜೀತಿಗೆಲ್ಲ ಕಾರಣ ಅವನು ಬೆಳಿಗ್ಗೆ ಕಂಬಳಿಯೊಳಗಿನಿಂದಲೇ ಕಳಿಸಿದ ಒಂದು ಮೆಸೇಜು. ‘ಸರ್, ರಾತ್ರಿಯ ಗಾಳಿಮಳೆಗೆ ನಮ್ಮೂರಿನ ರಸ್ತೆಗೆ ದೊಡ್ಡ ಮರ ಬಿದ್ದಿದೆ, ಬಸ್ಸಿಲ್ಲ, ಸೆಮಿನಾರಿಗೆ ಬರಲು ಆಗುತ್ತಿಲ್ಲ, ಕ್ಷಮಿಸಿ.’ ಕಳಿಸಿದವನು ಫೋನನ್ನು ದಿಂಬಿನ ಕೆಳಗೆ ತುರುಕಿ, ದಿನದ ಕೆಲಸ ಮುಗಿಸಿದವನ ನೆಮ್ಮದಿಯಲ್ಲಿ ಮಗ್ಗುಲು ಬದಲಿಸಿದ.

ಅವನ ಊರು ವಸ್ತಾರೆಯಿಂದ ಒಳಗೆ, ಕಾಫಿ ತೋಟಗಳ ನಡುವೆ ನುಸುಳಿ ಹೋಗುವ ಒಂದೇ ಒಂದು ರಸ್ತೆಯ ಮೇಲಿತ್ತು. ಯೋಗೇಶ ಚಿಕ್ಕಮಗಳೂರಿಗೆ ಹೋಗಿ ಬಂದು ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದ, ಕೊನೆಯ ವರ್ಷ. ಎಂ.ಎ. ಯಾಕೆ ಸೇರಿದೆ ಎಂದು ಯಾರಾದರೂ ಕೇಳಿದರೆ ‘ಆಸಕ್ತಿ’ ಎನ್ನುತ್ತಿದ್ದ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತರೆ ಅಮ್ಮ ತೋಟದ ಕೆಲಸಕ್ಕೆ ಕರೆಯುತ್ತಾಳೆ, ಎಂ.ಎ. ಎಂದರೆ ಕರೆಯುವುದಿಲ್ಲ. ಆಸಕ್ತಿ ಹುಟ್ಟಿದ್ದು ಅಲ್ಲಿಂದಲೇ.

ಅವನ ಸೆಮಿನಾರಿನ ವಿಷಯ ‘ಗ್ರಾಮೀಣ ಯುವಜನರು ಬಿಡುವಿನ ವೇಳೆಯನ್ನು ಬಳಸುವ ಬಗೆ’. ಈ ವಿಷಯದಲ್ಲಿ ಅವನಷ್ಟು ಆಳಕ್ಕೆ ಇಳಿದವರು ಇಡೀ ವಿಭಾಗದಲ್ಲಿ ಇರಲಿಲ್ಲ. ತೊಂದರೆ ಏನೆಂದರೆ, ಬಿಡುವನ್ನು ಬಳಸುವುದರಲ್ಲೇ ಹೊತ್ತೆಲ್ಲ ಹೋಗಿ, ಅದರ ಬಗ್ಗೆ ನಾಲ್ಕು ಸಾಲು ಬರೆಯುವುದಕ್ಕೆ ಅವನಿಗೆ ಬಿಡುವಾಗಿರಲಿಲ್ಲ.

ಬಿಡುವೆಲ್ಲ ಹೋಗುತ್ತಿದ್ದುದು ಹಗ್ಗಕ್ಕೆ. ಮಳೆಗಾಲ ಬಂದರೆ ಆ ಕಡೆ ಊರೂರಿನಲ್ಲೂ ಕೆಸರುಗದ್ದೆ ಕ್ರೀಡಾಕೂಟ. ನಾಟಿಗೆ ಹದಮಾಡಿದ ಗದ್ದೆಯಲ್ಲಿ ಮೊಣಕಾಲುದ್ದ ಹೂತುಕೊಂಡು ಎರಡು ಊರಿನವರು ಹಗ್ಗ ಜಗ್ಗುತ್ತಾರೆ. ಯೋಗೇಶ ಊರಿನ ತಂಡದ ಕೊನೆಯ ಆಳು, ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವನು. ತಂಡ ಇದುವರೆಗೆ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಸೋಲುವಾಗ ಉಳಿದವರು ಹಗ್ಗ ಬಿಟ್ಟು ಬದುಕಿಕೊಳ್ಳುತ್ತಿದ್ದರು. ಸೊಂಟಕ್ಕೆ ಸುತ್ತಿಕೊಂಡವನು ಮಾತ್ರ ಎದುರಾಳಿಗಳ ಕಡೆಗೆ ಉಳುಮೆ ಮಾಡಿಕೊಂಡು ಹೋಗುತ್ತಿದ್ದ. ಬರುವ ಭಾನುವಾರ ಆಲ್ದೂರಿನಲ್ಲಿ ಪಂದ್ಯ. ಈ ಸಲ ಗೆಲ್ಲಲೇಬೇಕೆಂದು ತಂಡದ ನಾಯಕ ಜಯಪ್ರಕಾಶ್ ದಿನಾ ಸಂಜೆ ಎಲ್ಲರನ್ನೂ ಗದ್ದೆಗೆ ಇಳಿಸುತ್ತಿದ್ದ. ಸೆಮಿನಾರು ದಡದಲ್ಲೇ ಉಳಿದಿತ್ತು.

ಅದು ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಮೊದಲ ಸಲ ಯೋಗೇಶನಿಗೆ ಜ್ವರ. ಎರಡನೇ ಸಲ ಅವನ ಅಜ್ಜಿ ತೀರಿಕೊಂಡಿದ್ದರು. ಅಜ್ಜಿ ಅಣ್ಣಮ್ಮನಿಗೆ ತಾನು ತೀರಿಕೊಂಡ ವಿಷಯ ಗೊತ್ತಿರಲಿಲ್ಲ. ಮೊಮ್ಮಗ ಮನೆಯಲ್ಲಿದ್ದಾನೆಂಬ ಖುಷಿಗೆ ಅವತ್ತು ಕಡುಬು ಬೇಯಿಸಿದ್ದಳು. ಮೂರನೇ ಸಲವೂ ತಪ್ಪಿಸಿದರೆ, ಅಥವಾ ಸುಳ್ಳು ಹೇಳಿ ಸಿಕ್ಕಿಬಿದ್ದರೆ, ಇಂಟರ್ನಲ್ ಅಂಕವಿಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಹೋಯಿತೆಂದು ತಿಳಿದುಕೋ ಎಂದು ಅವನ ಗೈಡ್ ಶಶಿಧರ್ ಎಲ್ಲರೆದುರೇ ಹೇಳಿದ್ದರು. ಹಾಗಾಗಿ ಈ ಸಲ ಮನುಷ್ಯನ ಕೈಯಲ್ಲಿಲ್ಲದ ಕಾರಣವೇ ಬೇಕಾಗಿತ್ತು. ಅದಕ್ಕೇ ಮರ.

ನಿದ್ದೆ ಹತ್ತುವ ಮೊದಲೇ ದಿಂಬು ಗುರುಗುಟ್ಟಿತು. ಶಶಿಧರ್ ಅವರೇ.

“ಯೋಗೇಶ, ಮರ ಎಲ್ಲಿ ಬಿದ್ದಿದೆ?”

“ರೇವಣ್ಣನವರ ಅಂಗಡಿ ಹತ್ರ ಸರ್, ತಿರುವಲ್ಲಿ.”

“ಒಳ್ಳೇದಾಯ್ತು. ನಾನು ನಿನ್ನೆ ಸಂಜೆನೇ ತೋಟಕ್ಕೆ ಬಂದಿದ್ದೆ. ನಿಮ್ಮೂರು ದಾಟಿ ಒಳಗೆ ಒಂದು ತೋಟ ತಗೊಂಡಿದೀನಿ, ನಿಂಗೆ ಹೇಳಿಲ್ಲ ಅನ್ಸುತ್ತೆ. ಈಗ ಅದೇ ರಸ್ತೇಲಿ ಬರ್ತೀನಿ. ಜೀಪಲ್ಲಿ ಪವರ್ ಸಾ ಇದೆ. ಮರ ಕುಯ್ದು ಪಕ್ಕಕ್ಕೆ ಹಾಕಿ ನಿನ್ನನ್ನೂ ಹತ್ತಿಸ್ಕೊಂಡೇ ಹೋಗ್ತೀನಿ. ತಿಂಡಿ ತಿಂದು ಹೊರಡ್ತೀನಿ, ಅಲ್ಲೇ ನಿಂತಿರು.”

ಯೋಗೇಶ ಕಂಬಳಿ ಕಿತ್ತೆಸೆದು ಎದ್ದ. ಶಶಿಧರ್ ಬೆಳೆಗಾರರ ಮನೆಯವರೆಂದು ಅವನಿಗೆ ಗೊತ್ತಿತ್ತು. ಆದರೆ ತನ್ನ ಊರಿನ ಆಚೆಗೇ ತೋಟ ಕೊಂಡವರು ಯಾರೆಂದು ವಿಚಾರಿಸುವಷ್ಟು ಸಮಾಜಶಾಸ್ತ್ರ ಅವನಿಗೆ ಬಂದಿರಲಿಲ್ಲ. ಲುಂಗಿ ಎತ್ತಿ ಕಟ್ಟಿಕೊಂಡು ರೇವಣ್ಣನ ಅಂಗಡಿಯ ಕಡೆಗೆ ಓಡಿದ. ತಿರುವಿನಲ್ಲಿ ರಸ್ತೆ ತೊಳೆದಿಟ್ಟ ತಟ್ಟೆಯಂತೆ ಖಾಲಿಯಿತ್ತು. ಒಂದು ಕಡ್ಡಿಯೂ ಬಿದ್ದಿರಲಿಲ್ಲ.

ಅಂಗಡಿ ಜಗುಲಿಯ ಮೇಲೆ ಜಯಪ್ರಕಾಶ್ ಟೀ ಕುಡಿಯುತ್ತಿದ್ದ. ಪಕ್ಕದಲ್ಲಿ ಗಿಡ್ಡಪ್ಪ. ಒಂದು ಕಾಲಕ್ಕೆ ದೊಡ್ಡ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವನು. ಈಗ ಆಳುವುದಕ್ಕೆ ಆಳುಗಳಿಲ್ಲದೆ ದಾರಿಯಲ್ಲಿ ಹೋಗುವವರಿಗೆಲ್ಲ ಕೆಲಸ ಹೇಳುತ್ತ ಕೂತಿರುತ್ತಿದ್ದ. ಯೋಗೇಶ ಅಳು ದನಿಯಲ್ಲಿ ಎಲ್ಲವನ್ನೂ ಹೇಳಿದ. ಅಂಗಡಿಯ ರೇವಣ್ಣ ತಕ್ಕಡಿ ಬಿಟ್ಟು ಹೊರಗೆ ಬಂದ.

“ಮರ ಬೇಕಾ ನಿಂಗೆ?” ಎಂದ ರೇವಣ್ಣ. “ಇದೆಯಲ್ಲ ಮಾರಾಯ, ನಿನ್ನ ತಲೆ ಮೇಲೇ ಇದೆ.”

ಎಲ್ಲರೂ ಮೇಲೆ ನೋಡಿದರು. ಅಂಗಡಿಯ ಪಕ್ಕದಲ್ಲಿ ಒಂದು ಮುದಿ ಅತ್ತಿಮರ, ಅರ್ಧ ಒಣಗಿ, ಬುಡ ಲಡ್ಡಾಗಿ ಪೊಳ್ಳುಬಿದ್ದು, ಸೂರಿನ ಕಡೆಗೆ ವಾಲಿಕೊಂಡಿತ್ತು. ಯಾವತ್ತು ಹೆಂಚಿನ ಮೇಲೆ ಬೀಳುತ್ತದೋ ಎಂದು ರೇವಣ್ಣ ಪ್ರತಿ ಮಳೆಗಾಲ ದೇವರಿಗೆ ಹರಕೆ ಹೊರುತ್ತಿದ್ದ. ಕಡಿಸಲು ಪರ್ಮಿಶನ್ ಕೇಳಿ ಕೇಳಿ ಸೋತಿದ್ದ.

“ಹೆಂಗೂ ಮಳೆಗೆ ಬೀಳೋ ಮರ. ನಾವು ಸ್ವಲ್ಪ ಅವಸರ ಮಾಡ್ಸೋದು ಅಷ್ಟೆ. ಪರೋಪಕಾರ,” ಎಂದ ರೇವಣ್ಣ. ಉಪಕಾರ ಯಾರಿಗೆ ಎಂಬುದನ್ನು ಯಾರೂ ಕೇಳಲಿಲ್ಲ.

“ಅಲ್ಲ, ಮರ ಬೀಳ್ಸಿದ್ರೂ ಅವ್ರು ಕುಯ್ದು ಇವನನ್ನು ಎತ್ಹಾಕ್ಕೊಂಡ್ ಹೋಗ್ತಾರಲ್ಲ,” ಎಂದ ಜಯಪ್ರಕಾಶ್.

ಗಿಡ್ಡಪ್ಪ ಮರದ ಸುತ್ತಳತೆಯನ್ನು ಕಣ್ಣಿನಲ್ಲೇ ತೂಗಿದ. “ಈ ಮೈಯಿನ ಮರ ಕುಯ್ದು ಮುಗಿಯೋ ಹೊತ್ತಿಗೆ ಸಂಜೆ ಆಗ್ತದೆ. ಕಾಲೇಜು ಬಾಗ್ಲು ಹಾಕಿರ್ತದೆ. ಹೋಗಿ ಹಗ್ಗ ತಗೊಂಡ್ ಬನ್ನಿ.”

ಯೋಗೇಶನಿಗೆ ಒಂದು ಕ್ಷಣ ಹೆದರಿಕೆಯಾಯಿತು. ‘ರಸ್ತೆ ಸರಿಹೋಯಿತು ಸರ್’ ಎಂದು ಒಂದು ಮೆಸೇಜು ಹಾಕಿ ಬಸ್ಸು ಹತ್ತಿಬಿಡಲೇ ಎಂದುಕೊಂಡ. ಆದರೆ ಬಸ್ಸಿನ ಕೊನೆಯಲ್ಲಿ ಸೆಮಿನಾರು ಇತ್ತು. ಹಗ್ಗ ತರಲು ಮನೆಗೆ ಓಡಿದ.

ಹಗ್ಗ ಬರುವುದರೊಳಗೆ ತಂಡವೆಲ್ಲ ಸೇರಿತ್ತು. ಜಯಪ್ರಕಾಶ್ ಮರ ಹತ್ತಿ ಎತ್ತರದ ಕವಲಿಗೆ ಹಗ್ಗ ಬಿಗಿದ. ಗಿಡ್ಡಪ್ಪ ಹಾರೆ ಹಿಡಿಸಿ ಬುಡದ ಮಣ್ಣು ಸಡಿಲಿಸಿದ. ನಂತರ ರೇವಣ್ಣನ ಕೊಡೆಯನ್ನು ಬೆತ್ತದಂತೆ ಹಿಡಿದು ರಸ್ತೆಯ ನಡುವೆ ನಿಂತ. ಎಷ್ಟೋ ವರ್ಷಗಳ ಮೇಲೆ ಅವನ ಎದುರು ಸಾಲಾಗಿ ಆಳುಗಳು ನಿಂತಿದ್ದರು. ಮುದುಕನ ಬೆನ್ನು ನೆಟ್ಟಗಾಯಿತು.

“ಹೇಳಿದಾಗ ಮಾತ್ರ ಜಗ್ಗಬೇಕು. ಎಂ.ಎ., ನೀನು ಕೊನೇಲಿ ನಿಲ್ಲು.”

ಜಗ್ಗಿದರು. ಮರ ಅಲ್ಲಾಡಲಿಲ್ಲ. ಮತ್ತೆ ಜಗ್ಗಿದರು. ತಂಡ ಎಂದಿನ ಹಾಗೇ ಆಡಿತು; ಅಂದರೆ ಅರ್ಧ ಜನ ಜಗ್ಗುವಾಗ ಉಳಿದರ್ಧ ಉಸಿರು ಬಿಡುತ್ತಿದ್ದರು. ಅಷ್ಟರಲ್ಲಿ ಅಣ್ಣಮ್ಮ ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು ಬಂದಳು. “ಹೊಟ್ಟೆಗೆ ಹಾಕಿದ್ದೆಲ್ಲ ಎಲ್ಲಿಗೆ ಹೋಗ್ತದೆ ನಿಮ್ಗೆ? ಆ ಮರಾನೇ ಬೇಜಾರಾಗಿ ಬೀಳ್ಬೇಕು,” ಎಂದಳು.

ಮರ ಆ ಮಾತನ್ನು ಕೇಳಿಸಿಕೊಂಡಿರಬೇಕು. ಬುಡದಲ್ಲಿ ಲಟಲಟ ಸದ್ದಾಯಿತು. ಎಲ್ಲರೂ ಅಭ್ಯಾಸಬಲದಿಂದ ಹಗ್ಗ ಬಿಟ್ಟು ಓಡಿದರು. ಸೊಂಟಕ್ಕೆ ಸುತ್ತಿಕೊಂಡಿದ್ದ ಯೋಗೇಶನೂ ಓಡಿದ. ಹಗ್ಗ ಮುಗಿದ ಕಡೆ ಚರಂಡಿಗೆ ಬಿದ್ದ. ಅವನ ಬೆನ್ನ ಹಿಂದೆ ಮರ ರಸ್ತೆಗೆ ಅಡ್ಡಲಾಗಿ, ಈ ಬದಿಯಿಂದ ಆ ಬದಿಗೆ, ಗೆರೆ ಎಳೆದ ಹಾಗೆ ಮಲಗಿತು. ಕರೆಂಟು ರಾತ್ರಿಯೇ ಹೋಗಿತ್ತು. ತಂತಿಯೂ ಮರದ ಜೊತೆ ಬಂದದ್ದರಿಂದ ಇನ್ನು ಬರುವ ಆಸೆಯೂ ಹೋಯಿತು. ತಂಡದ ಇತಿಹಾಸದಲ್ಲಿ ಇದು ಮೊದಲ ಗೆಲುವು. ಜಯಪ್ರಕಾಶನ ಕಣ್ಣು ತೇವವಾಯಿತು.

ಸಂಭ್ರಮಿಸಲು ಹೊತ್ತಿರಲಿಲ್ಲ. ಏರಿನಲ್ಲಿ ಜೀಪಿನ ಸದ್ದು ಕೇಳಿತು. ಯೋಗೇಶ ಹಗ್ಗವನ್ನು ಬಿಚ್ಚಿ ಸುರುಳಿ ಸುತ್ತಿ ಜಗುಲಿಯ ಮೇಲೆಸೆದ. “ಅಜ್ಜಿ, ಇದರ ಮೇಲೆ ಕೂತ್ಕೊ. ಏನೇ ಆದ್ರೂ ಏಳ್ಬೇಡ.”

ಜೀಪಿನಿಂದ ಶಶಿಧರ್ ಒಬ್ಬರೇ ಇಳಿದರು. ಮರದ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದರು. ಮುಖದಲ್ಲಿ ಆಶ್ಚರ್ಯವಿತ್ತು.

“ನಿಜವಾಗ್ಲೂ ಬಿದ್ದಿದೆಯಲ್ಲೋ.”

“ಹೌದು ಸರ್,” ಎಂದ ಯೋಗೇಶ, ಗಡ್ಡದ ಕೆಸರು ಒರೆಸಿಕೊಳ್ಳುತ್ತ. “ಪವರ್ ಸಾ ಇಳಿಸ್ಲಾ ಸರ್?”

“ಯಾವ ಪವರ್ ಸಾ? ನನ್ಹತ್ರ ಎಲ್ಲಿದೆ?” ಎಂದರು ಶಶಿಧರ್. “ಮಳೆಗಾಲ ಬಂದ್ರೆ ನಮ್ಮ ವಿದ್ಯಾರ್ಥಿಗಳ ರಸ್ತೇಲೆಲ್ಲ ಮರ ಬೀಳ್ತವೆ. ಪವರ್ ಸಾ ತಗೊಂಡ್ ಬರ್ತೀನಿ ಅಂದ್ರೆ ಸಾಕು, ‘ರಸ್ತೆ ಕ್ಲಿಯರ್ ಆಯ್ತು ಸರ್’ ಅಂತ ಬಸ್ಸು ಹತ್ಕೊಂಡು ಬಂದ್ಬಿಡ್ತಾರೆ. ಇಷ್ಟು ವರ್ಷದಲ್ಲಿ ನಿಜ ಹೇಳಿದವ್ನು ನೀನೊಬ್ನೇ. ನಿನ್ನ ಮೇಲೆ ಅನುಮಾನ ಪಟ್ಟಿದ್ದಕ್ಕೆ ನಂಗೇ ಒಂಥರಾ ಆಗ್ತಿದೆ.”

ಯೋಗೇಶನನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಸತ್ಯವಂತ ಎಂದಿದ್ದರು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು. ಸಾ ಇಲ್ಲ, ರಸ್ತೆ ಇಲ್ಲ, ಸೆಮಿನಾರೂ ಇಲ್ಲ. ಸಂಜೆ ಅಭ್ಯಾಸಕ್ಕೆ ಗದ್ದೆ ಕಾದಿದೆ.

“ಹಂಗಾದ್ರೆ ಇವತ್ತಿಂದು...” ಎಂದು ಶುರು ಮಾಡಿದ.

“ಅದೇ ಯೋಚ್ನೆ ಮಾಡ್ತಿದ್ದೆ,” ಎಂದರು ಶಶಿಧರ್. “ಟೌನಿಗೆ ಹೋಗೋಕೆ ದಾರಿ ಇಲ್ಲ. ವಾಪಸ್ ತೋಟಕ್ಕೆ ಹೋದ್ರೆ ಆಳು ಸಿಗಲ್ಲ, ಕೆಲಸ ಇಲ್ಲ. ಸಂಜೆವರೆಗೆ ನಾನು ಫ್ರೀ. ಹೆಂಗೂ ನೀನೂ ಇಲ್ಲೇ ಇದೀಯ. ಸೆಮಿನಾರ್ ಇಲ್ಲೇ ಮುಗಿಸಿಬಿಡಣ.”

ರೇವಣ್ಣ ಒಳಗಿನಿಂದ ಕುರ್ಚಿ ತಂದು ಹಾಕಿದ. ಊರಿಗೆ ಊರೇ ಜಗುಲಿಯ ಸುತ್ತ ಸೇರಿತು. ಕರೆಂಟಿಲ್ಲದೆ ಟೀವಿ ಸತ್ತಿದ್ದರಿಂದ ಯಾರಿಗೂ ಬೇರೆ ಕೆಲಸವಿರಲಿಲ್ಲ. ಶಶಿಧರ್ ಕೂತರು, ಅಣ್ಣಮ್ಮನನ್ನು ನೋಡಿ ಕೈಮುಗಿದರು.

“ಇವ್ರು ಯಾರು ಯೋಗೇಶ?”

“ಅಜ್ಜಿ ಸರ್.”

“ಅಂದ್ರೆ, ಇನ್ನೊಬ್ರು ಅಜ್ಜಿ?”

“ಇವ್ನಿಗೆ ಇರೋಳು ನಾನೊಬ್ಳೇ ಸ್ವಾಮಿ,” ಎಂದಳು ಅಣ್ಣಮ್ಮ. “ಇವರಮ್ಮನ ಅಮ್ಮ ಇವ್ನು ಹುಟ್ಟೋಕೆ ಮುಂಚೇನೇ ಹೋದ್ಳು.”

ಶಶಿಧರ್ “ಚೆನ್ನಾಗಿರಿ ತಾಯಿ” ಎಂದಷ್ಟೇ ಹೇಳಿದರು. ಆ ಮೃದುವಾದ ದನಿ ಕೇಳಿ ಯೋಗೇಶ ಒಂದು ಹೆಜ್ಜೆ ಹಿಂದೆ ಸರಿದ.

“ಸರಿ, ಶುರು ಮಾಡು. ನಿಮ್ಮೂರಿನ ಯುವಕರನ್ನೆಲ್ಲ ಮಾತಾಡಿಸಿ ವಿಷಯ ತಿಳ್ಕೊಂಡಿದೀನಿ ಅಂದಿದ್ದೆ. ಅವರೆಲ್ಲ ಇಲ್ಲೇ ಇದಾರೆ, ಒಳ್ಳೇದೇ ಆಯ್ತು.” ಜಯಪ್ರಕಾಶನ ಕಡೆ ತಿರುಗಿದರು. “ನಿಮ್ಮನ್ನ ಮಾತಾಡ್ಸಿದಾನಾ?”

ಜಯಪ್ರಕಾಶನಿಗೆ ಗೆಳೆಯನನ್ನು ಉಳಿಸಬೇಕೆನಿಸಿತು. “ದಿನಾ ಮಾತಾಡ್ತಾನೆ ಸರ್. ಬಿಡುವಿನ ಬಗ್ಗೆ ಕೇಳಿಲ್ಲ. ಕೇಳೋಕೆ ಎಂತ ಇದೆ, ಇವ್ನೂ ನಮ್ ಜೊತೇನೇ ಇರ್ತಾನಲ್ಲ. ಹಗ್ಗ ಜಗ್ಗೋದು. ಸೋಲೋದು.”

ಜನ ನಕ್ಕರು. ಯೋಗೇಶ ಬಾಯಿ ತೆರೆದ. ‘ಬಿಡುವು ಎಂದರೆ’ ಎಂದು ಶುರು ಮಾಡಿ, ‘ಬಿಡುವು ಎಂದರೆ’ ಎಂದು ಮುಂದುವರಿಸಿ, ಅಲ್ಲಿಗೇ ನಿಂತ. ಅಜ್ಜಿಯ ಮುಖ ಬಾಡಿತು. ಮೊಮ್ಮಗ ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ಭಾಷಣ ಮಾಡುತ್ತಾನೆಂದು ಅವಳು ನಾಲ್ಕು ಮನೆಗೆ ಹೇಳಿಕೊಂಡು ಬಂದಿದ್ದಳು. ಅವಳನ್ನು ನೋಡಿ ಯೋಗೇಶನಿಗೆ ನಿಜಕ್ಕೂ ಅಳು ಬಂತು.

ಶಶಿಧರ್‌ಗೂ ಪಾಪ ಅನಿಸಿರಬೇಕು. “ಹೋಗ್ಲಿ ಬಿಡು. ಮರ ಬಿದ್ದಿದ್ದು ನೋಡಿ ಗಾಬರಿ ಆಗಿದೀಯ. ಅಂಕದ ವಿಷಯದಲ್ಲಿ ಇನ್ನೊಂದು ಅವಕಾಶ ಕೊಡ್ತೀನಿ, ಈ ಸಲ ಸುಳ್ಳಂತೂ ಹೇಳಿಲ್ವಲ್ಲ,” ಎಂದು ಎದ್ದರು. ಮರದ ಕಡೆ ನೋಡುತ್ತ ತಲೆದೂಗಿದರು. “ಆದ್ರೂ ಈ ಗಾಳಿಮಳೆ ನೋಡಿ. ಅಂಗಡಿ ಕಡೆ ವಾಲಿದ್ದ ಮರಾನ ಒಂದು ಹೆಂಚಿಗೂ ತಾಗದ ಹಂಗೆ ರಸ್ತೆಗೆ ಮಲಗ್ಸಿದೆ. ಎಂಥ ಕೈಚಳಕ.”

ಅಲ್ಲಿಯವರೆಗೆ ಸುಮ್ಮನಿದ್ದ ಗಿಡ್ಡಪ್ಪನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಯೋಗೇಶ ಕಣ್ಣು ಹೊಡೆದ, ಕೈ ಮುಗಿದ. ಮುದುಕ ಅತ್ತ ನೋಡಲೇ ಇಲ್ಲ.

“ಮಳೆಗೆ ಇಷ್ಟು ನೀಟಾಗಿ ಬೀಳ್ತದಾ ಸ್ವಾಮಿ? ಮಳೆಗೆ ಬಿದ್ದಿದ್ರೆ ಅಂಗಡಿ ಉಳೀತಿತ್ತಾ? ಬುಡ ಸಡಿಲ ಮಾಡ್ಸಿ, ಮೇಲಿನ ಕವಲಿಗೆ ಹಗ್ಗ ಹಾಕ್ಸಿ, ನಿಂತು ಬೀಳ್ಸಿದ್ದು ನಾನು. ಮೇಸ್ತ್ರಿ ಗಿಡ್ಡಪ್ಪ.”

ಶಶಿಧರ್ ಗಿಡ್ಡಪ್ಪನನ್ನು ನೋಡಿದರು, ಕೆಸರು ಮೆತ್ತಿದ ತಂಡವನ್ನು ನೋಡಿದರು, ಕೊನೆಗೆ ಅಣ್ಣಮ್ಮನ ಹತ್ತಿರ ಬಂದರು. “ತಾಯಿ, ಸ್ವಲ್ಪ ಏಳ್ತೀರಾ?”

“ಏಳ್ಬೇಡ ಅಂದಿದಾನೆ ಸ್ವಾಮಿ,” ಎಂದಳು ಅಣ್ಣಮ್ಮ. ಆದರೂ ಮೇಷ್ಟರ ಮಾತಿಗೆ ಮರ್ಯಾದೆ ಕೊಟ್ಟು ಎದ್ದಳು.

ಶಶಿಧರ್ ಹಗ್ಗವನ್ನು ಕೈಗೆತ್ತಿಕೊಂಡು ಎಳೆದು ಪರೀಕ್ಷಿಸಿದರು. ಬೈಯಲಿಲ್ಲ. ಆಳು ಸಿಗದ ಬೆಳೆಗಾರನ ಕಣ್ಣಿನಲ್ಲಿ ಮಾತ್ರ ಕಾಣುವ ಒಂದು ಹೊಳಪು ಅವರ ಕಣ್ಣಿನಲ್ಲಿ ಕಂಡಿತು.

“ನನ್ನ ತೋಟದಲ್ಲಿ ಗಾಳಿಗೆ ವಾಲಿದ ಸಿಲ್ವರ್ ಮರ ಒಂದಷ್ಟಿದಾವೆ. ಕೆಳಗೆ ಕಾಫಿ ಗಿಡ, ಹಾಳಾಗ್ಬಾರ್ದು. ಬೀಳ್ಸೋರು ಸಿಗದೆ ಹಂಗೇ ನಿಂತಿದಾವೆ. ಯೋಗೇಶ, ಭಾನುವಾರ ಬೆಳಿಗ್ಗೆ ಇಡೀ ತಂಡ ಕರ್ಕೊಂಡು ಬಾ. ಮೇಸ್ತ್ರಿಯವ್ರನ್ನೂ.”

“ಸರ್, ಭಾನುವಾರ ಆಲ್ದೂರಲ್ಲಿ ಪಂದ್ಯ...”

“ಅಲ್ಲಿ ಹೆಂಗೂ ಸೋಲ್ತೀರಂತಲ್ಲ. ಮರ ಆದ್ರೆ ವಾಪಸ್ ಜಗ್ಗಲ್ಲ.”

“ಸೆಮಿನಾರ್ ಸರ್?”

“ಸೋಮವಾರ. ಭಾನುವಾರ ಬಂದ್ರೆ ಮಾತ್ರ. ಜ್ವರ ಬರಬಾರ್ದು, ಅಜ್ಜಿ ಚೆನ್ನಾಗಿರ್ಬೇಕು.” ಅವರು ಕೈಗಡಿಯಾರ ನೋಡಿಕೊಂಡರು. “ಈಗ ಮೊದ್ಲು ಈ ಮರ ತೆಗೀರಿ. ನಂಗೆ ಟೌನಿಗೆ ಹೋಗ್ಬೇಕು.”

ರೇವಣ್ಣ ಕೊಡಲಿ ತರಲು ಒಳಗೆ ಹೋದ. ಗಿಡ್ಡಪ್ಪ ಮತ್ತೆ ಕೊಡೆ ಹಿಡಿದು ರಸ್ತೆಯ ನಡುವೆ ನಿಂತು, ಸಿಲ್ವರ್ ಮರಗಳು ಯಾವ ಕಡೆಗೆ ವಾಲಿವೆ ಎಂದು ಶಶಿಧರ್ ಅವರನ್ನು ವಿಚಾರಿಸತೊಡಗಿದ. ಮರದ ತುಂಡುಗಳನ್ನು ಎಳೆದು ಪಕ್ಕಕ್ಕೆ ಹಾಕಲು ತಂಡ ಸಾಲಾಗಿ ನಿಂತಿತು. ಹಗ್ಗ ಮುಂದಿನಿಂದ ಕೈಯಿಂದ ಕೈಗೆ ದಾಟುತ್ತ ಹಿಂದಕ್ಕೆ ಬಂತು. ಕೊನೆಯಲ್ಲಿ ನಿಂತಿದ್ದ ಯೋಗೇಶ ಯಾರೂ ಹೇಳದಿದ್ದರೂ ಅದರ ತುದಿಯನ್ನು ತೆಗೆದುಕೊಂಡು ಸೊಂಟಕ್ಕೆ ಸುತ್ತಿಕೊಂಡ.