ಯಾರ ತಲೆಗೂ ಕೂರದ ಕರಾಕುಲಿ

ನಾನು ಶಾಲೆ ಬಿಟ್ಟದ್ದು ೧೯೯೧ರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ. ಶಾಲೆಗೆ ಅದರಿಂದ ಬೇಜಾರಾಯಿತೋ ಇಲ್ಲವೋ, ಒಂದು ಟೋಪಿ ಮಾತ್ರ ನನ್ನ ಮೇಲೆ ಮುನಿಸಿಕೊಂಡುಬಿಟ್ಟಿತು. ಅದರ ಮುನಿಸು ಮೊನ್ನೆಮೊನ್ನೆಯವರೆಗೂ ಇಳಿದಿರಲಿಲ್ಲ!

ಟೋಪಿ ನಮ್ಮ ಚಾಚಾ ಅವರದು, ಅಂದರೆ ಅಪ್ಪನ ತಮ್ಮನದು. ದಾಂಡೇಲಿಯ ಅಂಬೇವಾಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಆ ಟೋಪಿಗೆ ಓಡಾಡಲು ಎರಡು ಕಾಲು ಬೇಕಾಗಿದ್ದವು, ಅದಕ್ಕೇ ಅದು ಚಾಚಾನನ್ನು ಇಟ್ಟುಕೊಂಡಿದೆ. ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಮುಂಬಯಿಯಿಂದ ತಂದದ್ದು. ಎಳೆಯ ಕುರಿಮರಿಯ ಕಪ್ಪು ತುಪ್ಪಳ, ಮೈತುಂಬ ಗುಂಗುರು. ಅದರ ಹೆಸರು ಕರಾಕುಲಿ. ನಮ್ಮ ಓಣಿಯಲ್ಲಿ ಆ ಪದ ಗೊತ್ತಿದ್ದವರು ಅವರೊಬ್ಬರೇ. ಮಿಕ್ಕವರೆಲ್ಲ ಬೈಸಿಕೊಂಡು ಕಲಿತವರು. ಮನೆಯೊಳಗೆ ನಮ್ಮದು ಉರ್ದು. ಆದರೆ ಬೈಗುಳಕ್ಕೂ ಜಂಭಕ್ಕೂ ಚಾಚಾಗೆ ಕನ್ನಡವೇ ಆಗಬೇಕು.

ಒಮ್ಮೆ ನಮ್ಮ ಪಕ್ಕದ ರಾಮನಗರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಅಂದ, “ಅಜ್ಜಾರ, ಆ ಕುರಿ ಟೋಪಿ ತಗದು ತೊಡಿ ಮ್ಯಾಲ ಇಟ್ಕೋರಿ, ಹಿಂದಿನವರಿಗೆ ಮುಂದಿಂದು ಕಾಣವಲ್ತು.”

“ಕುರಿ ಟೋಪಿ ನಿಮ್ಮ ಮಾವಂದು! ಇದು ಕರಾಕುಲಿ ಐತಿ. ಅನ್ರಿ ನೋಡೂಣು, ಕ-ರಾ-ಕು-ಲಿ!”

ಅವನು ಅನ್ನುವತನಕ ಚಾಚಾ ಟಿಕೆಟ್ ತೆಗೆಸಲಿಲ್ಲ. ಕೊನೆಗೆ ಇಡೀ ಬಸ್ಸೇ ಒಟ್ಟಿಗೆ ಕೂಗಿತು. ಅಷ್ಟರಲ್ಲಿ ರಾಮನಗರ ಬಂದೇಬಿಟ್ಟಿತ್ತು!

ಇಷ್ಟೆಲ್ಲ ಮೆರೆದಾಟವಿದ್ದರೂ ಒಂದು ಮಾತು ಹೇಳಲೇಬೇಕು: ಟೋಪಿ ಅವರ ತಲೆಗೆ ಆಗುತ್ತಿರಲಿಲ್ಲ. ತಲೆ ಲಿಂಬೆಹಣ್ಣು, ಟೋಪಿ ಕುಂಬಳಕಾಯಿ. ಒಳಗೆ ಹಳೆಯ ಪೇಪರ್ ಮಡಚಿ ತುರುಕಿದರೂ ಹುಬ್ಬಿನವರೆಗೆ ಜಾರುತ್ತಿತ್ತು. ಚಾಚಿ ಬಾಗಿಲಲ್ಲೇ ನಿಂತು ಅನ್ನುತ್ತಿದ್ದರು, “ಟೋಪಿ ಬರಾಕತ್ತೈತಿ. ಅದರ ಕೆಳಗ ಯಾರರ ಅದಾರೇನು ನೋಡ್ರಿ!”

ಆದರೂ ಓಣಿಯಲ್ಲಿ ನಿಕಾಹ್ ಎಂದರೆ ಮದುಮಗನ ತಲೆಯ ಮೇಲೆ ಅದೇ ಟೋಪಿ ಬೇಕು. ಕೊಡಲು ಷರತ್ತು ಎರಡು. ಹುಡುಗ ಹತ್ತನೇತ್ತಿ, ಅಂದರೆ ಹತ್ತನೇ ತರಗತಿ, ಪಾಸಾಗಿರಬೇಕು. ಟೋಪಿಯ ಜೊತೆಗೆ ಚಾಚಾ ಬರಬೇಕು. ಹಳಿಯಾಳದ ಒಂದು ಮದುವೆಯಲ್ಲಿ ನಾಲ್ಕು ಹನಿ ಮಳೆ ಬಿತ್ತು. ಚಾಚಾ ಛತ್ರಿ ಹಿಡಿದರು, ಟೋಪಿಗೆ ಮಾತ್ರ! ಮದುಮಗನ ಹೆಗಲೆರಡೂ ತೊಯ್ದು ತೊಪ್ಪೆ. ಕೇಳಿದರೆ, “ಮದುಮಗ ಒಣಗ್ತಾನ, ಕರಾಕುಲಿ ಒಣಗೂದಿಲ್ಲ!”

ನನ್ನ ಮದುವೆ ಬಂತು. ಅಷ್ಟು ಹೊತ್ತಿಗೆ ನಾನು ಸ್ವಂತ ಹೊಲಿಗೆ ಮಷಿನ್ ಇಟ್ಟುಕೊಂಡ ಟೇಲರ್.

“ಚಾಚಾ, ಟೋಪಿ ಕೊಡ್ರಿ.”

“ಮಾರ್ಕ್ಸ್ ಕಾರ್ಡ್ ತಗೊಂಬಾ.”

“ಶಾಲಿ ಬಿಟ್ಟೇನಿ ಅಂತ ನಿಮಗ ಗೊತ್ತಿಲ್ಲೇನ್ರಿ?”

“ನಿನಗ ಶಾಲಿ ಬ್ಯಾಡಾತು, ಟೋಪಿಗೆ ನೀ ಬ್ಯಾಡ. ಅಷ್ಟ ದೊಡ್ಡ ತಲಿ ಇಟ್ಕೊಂಡು ಏನ್ ಮಾಡಿದಿ?”

ನನ್ನ ತಲೆ ದೊಡ್ಡದು, ನಿಜ. ಚಿಕ್ಕಂದಿನಿಂದ ಅವರು ನನ್ನನ್ನು ಕರೆಯುವುದೇ ‘ದೊಡ್ಡತಲಿ’ ಎಂದು. ಸಿಟ್ಟು ನೆತ್ತಿಗೇರಿತು. ಮಖಮಲ್ಲು ತಂದು ನಾನೇ ಟೋಪಿ ಹೊಲಿದು ಹಾಕಿಕೊಂಡೆ. ಕೈ ನನ್ನದು, ಕತ್ತರಿ ನನ್ನದು; ಇನ್ನೊಮ್ಮೆ ಕೇಳುವವನು ನಾನಲ್ಲ! ಕೇಳಲೂ ಇಲ್ಲ. ಆದರೆ ಯಾರ ಮದುವೆಗೆ ಹೋದರೂ ಕಣ್ಣು ಆ ಗುಂಗುರಿನ ಮೇಲೇ ಹೋಗುತ್ತಿತ್ತು. ಮನಸ್ಸಿಗೆ ಮಾನಮರ್ಯಾದೆ ಎಲ್ಲಿ ಇರುತ್ತದೆ ಹೇಳಿ!

ಈ ವರ್ಷ ನನ್ನ ಮಗಳ ನಿಕಾಹ್. ಅಳಿಯ ಬಿ.ಕಾಂ. ಓದಿದವನು, ಟೋಪಿ ಅವನಿಗೆಂದು ಎಲ್ಲರೂ ತಿಳಿದಿದ್ದರು. ಮದುವೆಗೆ ಹದಿನೈದು ದಿನವಿರುವಾಗ ಚಾಚಾ ಬರಿದಲೆಯಲ್ಲಿ ನನ್ನ ಅಂಗಡಿಗೆ ಬಂದರು. ಕೈಚೀಲದಲ್ಲಿ ಟೋಪಿ. ಮುಂಭಾಗಕ್ಕೇ ಹುಳ ತಿಂದು ತೂತು ಬಿದ್ದಿತ್ತು.

“ದೊಡ್ಡತಲಿ, ಇದನ್ನ ಉಳಸು.”

“ಇದಕ್ಕ ಎಷ್ಟನೇತ್ತಿ ಪಾಸಾಗಿರಬೇಕ್ರಿ, ಚಾಚಾ?”

“ಬಾಯಿ ಮುಚ್ಚಿ ಸೂಜಿ ತಗಿ!”

ಸೂಜಿ ಇದೆ, ತುಪ್ಪಳ ಎಲ್ಲಿಂದ ತರಲಿ? ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋದೆ. ಒಬ್ಬ ಮುದುಕ ಅಂಗಳದಲ್ಲಿ ಹಳೆಯ ಕೋಟನ್ನು ಬಿಸಿಲಿಗೆ ಹರವಿದ್ದ. ಕಾಲರಿಗೆ ಕಪ್ಪು ಕುರಿಮರಿಯ ಗುಂಗುರು! ಸಂಗತಿ ಹೇಳಿದೆ. “ಮದವಿಗೇನ್ರಿ? ಹಂಗಾದ್ರ ಒಯ್ರಿ,” ಎಂದು ತಾನೇ ಒಂದು ತುಂಡು ಬಿಡಿಸಿಕೊಟ್ಟ. ಕೂದಲು ತುಂಡಾಗದಂತೆ ಚರ್ಮವನ್ನು ಹಿಂಬದಿಯಿಂದ ಬ್ಲೇಡಿನಲ್ಲಿ ಕೊಯ್ದೆ. ಗುಂಗುರು ತಿರುಗಿದ ಕಡೆಗೇ ಗುಂಗುರು ತಿರುಗಿಸಿ ಹೊಲಿದೆ. ಚಾಚಾ ಟೋಪಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೋದರು.

ನಿಕಾಹ್ ದಿನ ಅಳಿಯ ತಲೆ ಬಗ್ಗಿಸಿ ಕುಳಿತಿದ್ದ. ಚಾಚಾ ಟೋಪಿ ಹಿಡಿದು ಬಂದವರು ಅವನನ್ನು ದಾಟಿ ನನ್ನ ಮುಂದೆ ನಿಂತರು.

“ಬಗ್ಗು.”

ತಲೆಯ ಮೇಲಿದ್ದ ಮಖಮಲ್ಲಿನ ಟೋಪಿ ತೆಗೆದು ಬಗ್ಗಿದೆ. ಟೋಪಿ ಅಳತೆ ತೆಗೆದು ಹೊಲಿದಂತೆ ಕುಳಿತಿತು.

“ಚಾಚಾ, ಒಳಗಿನ ಪೇಪರ್?”

“ನಿನ್ನ ತಲಿಗೆ ಪೇಪರ್ ಯಾಕ? ನೀ ಎಂಟನೇತ್ತಿ ಇದ್ದಾಗ, ಹತ್ತನೇತ್ತಿ ಪಾಸಾದ ದಿನ ನಿನಗ ಹಾಕಬೇಕಂತ ತಂದಿದ್ದೆ. ದೊಡ್ಡತಲಿ ಅಂತ ದೊಡ್ಡದ ತಂದೆ. ನೀ ಬಿಟ್ಟು ಕುಂತಿ. ಮತ್ತೇನ್ ಮಾಡ್ಲಿ? ನಾನ ಹಾಕ್ಕೊಂಡೆ.”

ಚಾಚಾ ಟೋಪಿಯ ಮುಂಭಾಗವನ್ನು ಬೆರಳಿನಿಂದ ಸವರಿದರು.

“ತೂತ ಎಲ್ಲಿತ್ತಂತ ಹುಡಕಾಕತ್ತು ವಾರ ಆತು. ಸಿಗವಲ್ತು. ಪಾಸಾದಿ, ಹೋಗು.”

ಅಳಿಯ ನನ್ನ ತಲೆಯಿಂದ ಇಳಿದ ಆ ಹಳೆಯ ಮಖಮಲ್ಲಿನ ಟೋಪಿಯಲ್ಲೇ ಕಬೂಲ್ ಅಂದ.

ಈಗ ನನ್ನದೆಂದು ಇರುವುದು ಇಷ್ಟು: ಒಂದು ಅಂಗಡಿ, ಮೂರು ಮಷಿನ್, ಒಬ್ಬಳು ಮಗಳು, ಒಬ್ಬ ಅಳಿಯ, ಒಂದು ಕರಾಕುಲಿ. ಮತ್ತೆ, ಬರಿದಲೆಯಲ್ಲಿ ಓಡಾಡುವ ಒಬ್ಬ ಚಾಚಾ.