ಗಾಲ್ಫ್ ಹೊಡೆತ ತಿದ್ದುವ ಆ್ಯಪ್ ಸಾಹೇಬರಿಗೆ, ಕೊಣ್ಣೂರಿನ ಕಡಲೆ ಕಣದಿಂದ

ನನ್ನ ಮೊಬೈಲಿನಲ್ಲಿ ಕುಳಿತು ಗಾಲ್ಫ್ ಹೊಡೆತಗಳನ್ನು ಅಳೆದು ಅಂಕ ದಯಪಾಲಿಸುವ ಮಹಾಮಾನ್ಯರ ಸನ್ನಿಧಾನಕ್ಕೆ, ನರಗುಂದ ತಾಲೂಕು ಕೊಣ್ಣೂರಿನ ಕಳಕೇಶನ ಸಾಷ್ಟಾಂಗ ನಮಸ್ಕಾರಗಳು. ನಮಸ್ಕಾರವೆಂದರೆ ತಮಗೆ ಆಗಿಬರುವುದಿಲ್ಲವೆಂದು ಈಗ ಗೊತ್ತಾಗಿದೆ, ಆದರೂ ಸ್ವೀಕರಿಸಬೇಕು.

ಮಾನ್ಯರೇ,

ಗೋವಾದ ಒಂದು ಗಾಲ್ಫ್ ಮೈದಾನದಲ್ಲಿ ಆರು ವರ್ಷದಿಂದ ಸಾಹುಕಾರರ ಚೀಲ ಹೊತ್ತು ಅವರ ಹಿಂದೆ ನಡೆಯುತ್ತಿರುವ ನನಗೆ, ಭಾನುವಾರದೊಳಗೆ ತಮ್ಮಿಂದ ಎಂಬತ್ತು ಅಂಕ ಪಡೆದರೆ ತರಬೇತುದಾರರ ಸಹಾಯಕನನ್ನಾಗಿ ಮಾಡುತ್ತೇವೆಂದು ಮ್ಯಾನೇಜರರು ಮಾತು ಕೊಟ್ಟಿದ್ದರು. ಕಡಲೆ ಸುಗ್ಗಿಗೆಂದು ಊರಿಗೆ ಬಂದವನು ಕಣದ ಪಕ್ಕದಲ್ಲಿ ತಮ್ಮನ್ನು ನೀರಿನ ಕೊಡಕ್ಕೆ ಗೌರವದಿಂದ ಒರಗಿಸಿ, ತಾವು ಪುಕ್ಕಟೆಯಾಗಿ ನೋಡಿಕೊಡುವ ಹನ್ನೆರಡು ಹೊಡೆತಗಳಲ್ಲಿ ಹನ್ನೊಂದನ್ನು ಮುಗಿಸಿದೆ. ಹನ್ನೊಂದಕ್ಕೂ ಮೂವತ್ತೊಂದೇ ಅಂಕ! ಹೊಡೆತದ ಆರಂಭದಲ್ಲೇ ತಲೆ ಮೂರು ಅಡಿ ಕುಸಿದಿದೆ, ಬಲಗೈ ಕೋಲು ಬಿಟ್ಟು ನೆಲ ಮುಟ್ಟಿದೆ, ಕೂಡಲೇ ಬೆನ್ನಿನ ವೈದ್ಯರನ್ನು ಕಾಣಿರಿ ಎಂದು ಬರೆದಿರಿ.

ಅದು ಹೊಡೆತವಲ್ಲ ಸ್ವಾಮಿ. ಕೈಯಲ್ಲಿ ಏನು ಹಿಡಿದರೂ ಮೊದಲು ಭೂಮಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮನೆಯ ರೂಢಿ. ಕುಡಗೋಲಿಗೂ ಅಷ್ಟೇ, ಗಾಲ್ಫ್ ಕೋಲಿಗೂ ಅಷ್ಟೇ. ಇಷ್ಟು ಭಕ್ತಿಯಲ್ಲಿ ಬೆನ್ನುನೋವನ್ನು ಪತ್ತೆ ಹಚ್ಚಿದ ತಮ್ಮ ಸೂಕ್ಷ್ಮ ದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಹನ್ನೆರಡನೆಯದಕ್ಕೆ ತಮ್ಮನ್ನು ಚಾಲೂ ಮಾಡಿ ನಾನು ಹಿಂದೆ ಸರಿಯುವಷ್ಟರಲ್ಲಿ ಆಕಳ ಕರುವೊಂದು ಮೂತಿ ತಾಗಿಸಿ ತಮ್ಮನ್ನು ಕಣದ ಕಡೆ ತಿರುಗಿಸಿತು. ಅಲ್ಲಿ ನನ್ನ ಅವ್ವ ಗುಡ್ಡವ್ವ, ತುದಿ ಬಾಗಿದ ಜಾಲಿ ಬಡಿಗೆ ಹಿಡಿದು ಕಡಲೆ ಬಡಿಯುತ್ತಿದ್ದಳು. ತಾವು ಅರೆಗಳಿಗೆಯೂ ತಡಮಾಡದೆ, 'ಸೊಂಟದ ತಿರುವು ಅಪರೂಪದ್ದು, ತಲೆ ಕದಲಿಲ್ಲ' ಎಂದು ಎಂಬತ್ತೆಂಟು ಅಂಕ ಕೊಟ್ಟು, ಎಂಬತ್ತು ದಾಟಿತೆಂದು ನನ್ನ ಹೆಸರಿನಲ್ಲೇ ಮ್ಯಾನೇಜರರಿಗೆ ಕಳಿಸಿಬಿಟ್ಟಿರಿ. ಭೂಮಿಗೆ ಅವ್ವನೂ ನಮಸ್ಕರಿಸಿದ್ದಳು; ಆದರೆ ಬೆಳಿಗ್ಗೆ ಏಳಕ್ಕೆ, ತಾವು ನನ್ನ ಜೇಬಿನಲ್ಲಿ ನಿದ್ದೆಯಲ್ಲಿದ್ದಾಗ.

ಗೋಳು ಹೇಳಿಕೊಂಡರೆ ಅವ್ವ ಬಿದ್ದು ಬಿದ್ದು ನಕ್ಕಳು. "ಹುಚ್ಚಪ್ಪ, ಮೊದ್ಲ ಕೈ ಮುಗದು ಆಮ್ಯಾಲೆ ಅದನ್ನ ಚಾಲೂ ಮಾಡಾಕ ಏನಾಗಿತ್ತು? ಮತ್ತ ತೋಳಿಲೆ ಬಡಿಬ್ಯಾಡ, ನಡಾ ತಿರುವಿ ಬಡಿ." ಹನ್ನೊಂದು ಸಲವೂ ಇದು ನನಗೆ ಹೊಳೆಯಲಿಲ್ಲ, ತಮಗಂತೂ ಹೊಳೆಯುವ ಮಾತೇ ಇಲ್ಲ.

ಅವ್ವನ ಅಂಕ ನುಂಗಲು ನನಗೆ ಮನಸ್ಸು ಒಪ್ಪಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮ್ಯಾನೇಜರರಿಗೆ ಬರೆದಿದ್ದೇನೆ. ಮತ್ತೆ ಚೀಲ ಹೊರಬೇಕಾದೀತೆಂದು ಹೆಗಲಿಗೆ ಎಣ್ಣೆಯನ್ನೂ ತಿಕ್ಕಿಕೊಳ್ಳುತ್ತಿದ್ದೇನೆ. ಆದಕಾರಣ, ಭೂಮಿ ಮುಟ್ಟಿದವರಿಗೆ ಐದಾದರೂ ಅಂಕ ಕೂಡಿಸಬೇಕೆಂದೂ, ತಾವೂ ಒಮ್ಮೆ ಸೊಂಟ ಬಗ್ಗಿಸಿ ನೋಡಬೇಕೆಂದೂ ಪ್ರಾರ್ಥಿಸುತ್ತೇನೆ.

ನೂರಕ್ಕೆ ಮೂವತ್ತೊಂದರಷ್ಟು ತಮ್ಮ ವಿಶ್ವಾಸಿ,
ಕಳಕೇಶ

ತಾ.ಕ.: ಈಗಷ್ಟೇ ಮ್ಯಾನೇಜರರ ಫೋನು ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆದದ್ದಕ್ಕೆ ಸಹಾಯಕನ ಕೆಲಸ ನನಗೇ ಅಂತೆ, ಆದರೆ ಹೊಡೆತ ಕಲಿಸಲು ಅವ್ವನನ್ನೂ ಒಂದು ವಾರ ಕರೆತರಬೇಕಂತೆ. ಅವ್ವನ ಉತ್ತರವನ್ನು ತಮಗೂ ತಿಳಿಸುತ್ತಿದ್ದೇನೆ: "ಕಡ್ಲಿ ಚೀಲಕ್ಕ ಬೀಳೂಮಟ ನಾ ಎಲ್ಲೂ ಬರಾಂಗಿಲ್ಲ. ಅಷ್ಟು ಅವಸರ ಇದ್ರ ಅವರನ್ನ ಇಲ್ಲಿಗೇ ಬರಾಕ ಹೇಳು. ಇನ್ನೂ ನಾಕು ಬಡಿಗಿ ಅದಾವು."